ಗುಂಡ್ಯದಿಂದ ಎರಡು ಗಂಟೆ

ಹೆರಿಗೆಯ ಆಸುಪಾಸಿನಲ್ಲಿ ಕಾಣಿಸಿಕೊಳ್ಳುವ ತೊಡಕುಗಳಿಗೆ ಚಿಕಿತ್ಸೆ ಸಿಗದೇ ಹೋದರೆ ಅವು ಎಷ್ಟು ಹೊತ್ತಿನಲ್ಲಿ ಜೀವ ತೆಗೆಯುತ್ತವೆ ಎಂಬುದಕ್ಕೆ ಸಾರ್ವಜನಿಕ ಆರೋಗ್ಯದ ಪಠ್ಯಗಳಲ್ಲಿ ಒಂದು ಹಳೆಯ ಅಂದಾಜಿದೆ. ಅಮೆರಿಕದ ತಜ್ಞೆ ಡೆಬೊರಾ ಮೇನ್ ಅವರ ಹೆಸರಿನೊಂದಿಗೆ ಉಲ್ಲೇಖವಾಗುವ ಈ ಅಂದಾಜಿನ ಪ್ರಕಾರ ಹೆರಿಗೆಯ ನಂತರದ ನಂಜಿಗೆ 6 ದಿನ, ಮಗು ಹೊರಬರಲಾಗದೆ ಸಿಕ್ಕಿಕೊಳ್ಳುವ ಅಡ್ಡಿಹೆರಿಗೆಗೆ 3 ದಿನ, ರಕ್ತದೊತ್ತಡ ಏರಿ ಬರುವ ಫಿಟ್ಸ್‌ಗೆ 2 ದಿನ, ಗರ್ಭಕೋಶ ಹರಿದರೆ 1 ದಿನ, ಹೆರಿಗೆಗೆ ಮುಂಚಿನ ರಕ್ತಸ್ರಾವಕ್ಕೆ 12 ಗಂಟೆ, ಹೆರಿಗೆಯಾದ ಮೇಲಿನ ರಕ್ತಸ್ರಾವಕ್ಕೆ ಕೇವಲ 2 ಗಂಟೆ. ಇವು ಸರಾಸರಿಗಳೇ ಹೊರತು ಗೆರೆ ಕೊರೆದ ಗಡುವುಗಳಲ್ಲ; ಮೊದಲೇ ರಕ್ತಹೀನತೆಯಿಂದ ಬಳಲುತ್ತಿರುವ ಹೆಂಗಸಿಗೆ ಈ ಅವಧಿ ಇನ್ನೂ ಕಿರಿದಾಗುತ್ತದೆ.

ಈ ಪಟ್ಟಿಯ ಕೊನೆಯ ಅಂಕಿಯನ್ನು ಗುಂಡ್ಯದ ಭೂಪಟದ ಜೊತೆಗಿಟ್ಟು ನೋಡಬೇಕು. ಶಿರಾಡಿ ಘಾಟಿಯನ್ನು ಇಳಿದು ಬರುವ ರಾಷ್ಟ್ರೀಯ ಹೆದ್ದಾರಿ 75ರಿಂದ ಕುಕ್ಕೆ ಸುಬ್ರಹ್ಮಣ್ಯದ ರಸ್ತೆ ಕವಲೊಡೆಯುವ ಈ ಊರು, ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಬೇರ್ಪಡಿಸಿ ರಚಿಸಿದ ಕಡಬ ತಾಲ್ಲೂಕಿನ ಪೂರ್ವದ ಅಂಚಿನಲ್ಲಿದೆ. ಇಲ್ಲಿಂದ ಪುತ್ತೂರಿಗೆ ಉಪ್ಪಿನಂಗಡಿಯ ಮೇಲಾಗಿ ಸುಮಾರು 45 ಕಿ.ಮೀ., ಮಂಗಳೂರಿಗೆ ಸುಮಾರು 80 ಕಿ.ಮೀ.; ಘಾಟಿ ಹತ್ತಿ ಸಕಲೇಶಪುರಕ್ಕೆ ಹೋಗುವುದಾದರೆ ಸುಮಾರು 40 ಕಿ.ಮೀ. ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆ, 1849ರಷ್ಟು ಹಿಂದೆಯೇ ಆರಂಭವಾಗಿ ಇಂದಿಗೂ ಜಿಲ್ಲೆಯ ಬಡ ಗರ್ಭಿಣಿಯರ ಕೊನೆಯ ಭರವಸೆಯಾಗಿ ಉಳಿದಿರುವ ಸರ್ಕಾರಿ ಹೆರಿಗೆ ಆಸ್ಪತ್ರೆ, ದಾರಿ ಸಲೀಸಾಗಿದ್ದರೆ ಗುಂಡ್ಯದಿಂದ ಹೆಚ್ಚುಕಡಿಮೆ ಎರಡು ಗಂಟೆಯ ಹಾದಿ. ರಕ್ತಸ್ರಾವ ಬಿಡುವ ಅವಧಿಯೂ ಅಷ್ಟೇ ಎಂಬುದನ್ನು ಗಮನಿಸಿದರೆ, ತಾಯಂದಿರ ಸಾವನ್ನು ತಡೆಯುವ ಪ್ರಶ್ನೆಯನ್ನು ಕಿಲೋಮೀಟರಿನಲ್ಲಿ ಅಳೆಯುವುದಕ್ಕಿಂತ ಗಂಟೆ–ನಿಮಿಷಗಳಲ್ಲಿ ಅಳೆಯುವುದೇ ಸರಿ ಎಂಬುದು ಹೊಳೆಯುತ್ತದೆ.

ಮುಂದುವರಿಯುವ ಮೊದಲು ವ್ಯಾಖ್ಯೆಯನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗರ್ಭಿಣಿಯಾಗಿರುವಾಗ, ಅಥವಾ ಹೆರಿಗೆ ಇಲ್ಲವೇ ಗರ್ಭಪಾತವಾದ 42 ದಿನಗಳೊಳಗೆ, ಗರ್ಭಧಾರಣೆಯಿಂದ ಉಂಟಾದ ಅಥವಾ ಅದರಿಂದ ಉಲ್ಬಣಗೊಂಡ ಕಾರಣಕ್ಕೆ ಹೆಂಗಸೊಬ್ಬಳು ತೀರಿಕೊಂಡರೆ ಅದು ತಾಯಿ ಮರಣ. ರಸ್ತೆ ಅಪಘಾತದಂತಹ ಆಕಸ್ಮಿಕಗಳು ಈ ಲೆಕ್ಕಕ್ಕೆ ಬರುವುದಿಲ್ಲ. ತುಳುನಾಡಿನ ಮನೆಗಳಲ್ಲಿ ಬಾಣಂತನದ ಅವಧಿ ಎಂದು ಪಾಲಿಸಿಕೊಂಡು ಬಂದ ನಲವತ್ತು ದಿನಗಳಿಗೂ ವೈದ್ಯಶಾಸ್ತ್ರದ 42 ದಿನಗಳಿಗೂ ಇರುವ ಹೊಂದಿಕೆ ಆಕಸ್ಮಿಕವಿರಬಹುದು, ಆದರೆ ಉಪಯುಕ್ತವಾದ ಆಕಸ್ಮಿಕ. ಈ ದಿನಗಳಲ್ಲಿ ಬಾಣಂತಿಯ ಮೈಯನ್ನು ದಿನವೂ ಹತ್ತಿರದಿಂದ ಕಾಣುವವರು ವೈದ್ಯರಲ್ಲ, ಎಣ್ಣೆ ಹಚ್ಚಿ ಬಿಸಿನೀರಿನಲ್ಲಿ ಮೀಯಿಸಲು ಬರುವ ಹೆಂಗಸು. ಜ್ವರದ ಕಾವು, ಸ್ರಾವದ ವಾಸನೆ, ಕಾಲಿನ ಊತ, ಮುಖದ ಬಿಳುಪು ಎಲ್ಲವೂ ಮೊದಲು ತಿಳಿಯುವುದು ಅವಳ ಕೈಗೆ. ಸರ್ಕಾರದ ವ್ಯವಸ್ಥೆಯಲ್ಲಿ ಆಶಾ ಕಾರ್ಯಕರ್ತೆ ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ 3, 7, 14, 21, 28 ಮತ್ತು 42ನೇ ದಿನ ಭೇಟಿ ಕೊಡಬೇಕೆಂದಿದೆ. ಆ ಆರು ಭೇಟಿಗಳ ನಡುವಿನ ದಿನಗಳಲ್ಲಿ ಕಣ್ಣಿಟ್ಟಿರುವ ಈ ಮೀಯಿಸುವವಳಿಗೆ ಅಪಾಯದ ಚಿಹ್ನೆಗಳನ್ನು ಹೇಳಿಕೊಡುವ ಯೋಚನೆಗೆ ಆರೋಗ್ಯ ಇಲಾಖೆಯ ಪ್ರಚಾರಪತ್ರಗಳಲ್ಲಿ ಅಷ್ಟಾಗಿ ಜಾಗ ಸಿಕ್ಕಿಲ್ಲ.

ಸಾವಿನ ಪ್ರಮಾಣವನ್ನು ಒಂದು ಲಕ್ಷ ಜೀವಂತ ಜನನಗಳಿಗೆ ಎಷ್ಟು ತಾಯಂದಿರು ತೀರಿಕೊಂಡರು ಎಂಬ ಲೆಕ್ಕದಲ್ಲಿ ಹೇಳುವುದು ರೂಢಿ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 2.87 ಲಕ್ಷ ತಾಯಂದಿರು ಸತ್ತರು. ಇದರ ಬಹುಪಾಲು ಆಫ್ರಿಕಾದ ಸಹಾರಾದಾಚೆಗಿನ ದೇಶಗಳಲ್ಲಿ ಮತ್ತು ದಕ್ಷಿಣ ಏಷ್ಯಾದಲ್ಲಿ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ಪ್ರಕಾರ 2030ರೊಳಗೆ ಜಾಗತಿಕ ಪ್ರಮಾಣ 70ಕ್ಕಿಂತ ಕೆಳಗಿಳಿಯಬೇಕು. ಭಾರತದ ಮಾದರಿ ನೋಂದಣಿ ವ್ಯವಸ್ಥೆಯ ವರದಿಗಳಲ್ಲಿ 2001–03ರ ಅವಧಿಗೆ ದೇಶದ ಪ್ರಮಾಣ 301, ಕರ್ನಾಟಕದ್ದು 228 ಇತ್ತು; 2018–20ರ ಹೊತ್ತಿಗೆ ದೇಶ 97ಕ್ಕೂ ಕರ್ನಾಟಕ 69ಕ್ಕೂ ಇಳಿದವು. ಎರಡು ದಶಕಗಳೊಳಗೆ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದದ್ದು ಸಣ್ಣ ಸಾಧನೆಯಲ್ಲ. ಆದರೆ ಅದೇ 2018–20ರಲ್ಲಿ ತಮಿಳುನಾಡು 54, ಆಂಧ್ರ 45, ತೆಲಂಗಾಣ 43, ಕೇರಳ 19ರಲ್ಲಿದ್ದವು. ದಕ್ಷಿಣದ ಐದು ರಾಜ್ಯಗಳ ಪೈಕಿ ಕರ್ನಾಟಕವೇ ಕೊನೆಯದು. ಮಾಹಿತಿ ತಂತ್ರಜ್ಞಾನದ ರಾಜಧಾನಿಯನ್ನೂ ಹತ್ತಾರು ವೈದ್ಯಕೀಯ ಕಾಲೇಜುಗಳನ್ನೂ ಇಟ್ಟುಕೊಂಡ ರಾಜ್ಯಕ್ಕೆ ಇದು ಹೆಮ್ಮೆಯ ವಿಷಯವಲ್ಲ.

ಇಳಿಕೆ ಸಾಧ್ಯವಾದದ್ದು ಹೇಗೆ ಎಂಬುದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ‘ಹೆರಿಗೆ ಆಸ್ಪತ್ರೆಗೆ ಬಂತು’ ಎಂಬುದು. 2005ರಲ್ಲಿ ಜನನಿ ಸುರಕ್ಷಾ ಯೋಜನೆ, ಅದರ ಬೆನ್ನಿಗೆ ಆಶಾ ಕಾರ್ಯಕರ್ತೆಯರು, 2007ರಲ್ಲಿ ಮಡಿಲು ಕಿಟ್, 2008ರಲ್ಲಿ 108ರ ಆರೋಗ್ಯ ಕವಚ ಆಂಬುಲೆನ್ಸ್, 2011ರಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆಯನ್ನು ಪೂರ್ತಿ ಉಚಿತಗೊಳಿಸಿದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ, ತಾಯಿ ಮತ್ತು ಕೂಸನ್ನು ಮನೆಗೆ ಬಿಡುವ ನಗು–ಮಗು ವಾಹನ, ಹೀಗೆ ಒಂದರ ಮೇಲೊಂದು ಯೋಜನೆಗಳು ಬಂದವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ 2005–06ರಲ್ಲಿ ರಾಜ್ಯದ ಹೆರಿಗೆಗಳಲ್ಲಿ ಸುಮಾರು ಮೂರನೇ ಎರಡರಷ್ಟು ಮಾತ್ರ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದರೆ, 2019–20ರ ಸಮೀಕ್ಷೆಯಲ್ಲಿ ಅದು ಶೇ 97ಕ್ಕೆ ಏರಿತ್ತು. ಸೂಲಗಿತ್ತಿಯ ಕಾಲ ಮುಗಿದಿತ್ತು. ಪಾವಗಡದ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡು ಗೌರವಿಸಿದ್ದು ಒಬ್ಬ ವ್ಯಕ್ತಿಯನ್ನಷ್ಟೇ ಅಲ್ಲ, ಮುಗಿಯುತ್ತಿದ್ದ ಒಂದು ವಿದ್ಯೆಯನ್ನೂ. ಆ ವಿದ್ಯೆಯ ಕೌಶಲವನ್ನು ಕೀಳುಗಳೆಯಬೇಕಿಲ್ಲ. ಸಹಜ ಹೆರಿಗೆಯನ್ನು ಅವಸರಪಡಿಸದೆ ಕಾಯುವ ತಾಳ್ಮೆ ಇಂದಿನ ಎಷ್ಟೋ ಹೆರಿಗೆ ಕೋಣೆಗಳಲ್ಲಿ ಕಾಣಸಿಗದು. ಆದರೆ ಎಂತಹ ನುರಿತ ಕೈಯಾದರೂ ರಕ್ತವನ್ನು ಕೊಡಲಾರದು, ಗರ್ಭಕೋಶವನ್ನು ತೆರೆಯಲಾರದು.

ಇಷ್ಟಾದ ಮೇಲೂ ಸಾವು ನಿಂತಿಲ್ಲವೆಂದರೆ ಅದು ಈಗ ನಡೆಯುತ್ತಿರುವುದು ಆಸ್ಪತ್ರೆಯ ಒಳಗೆ, ಇಲ್ಲವೇ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ. ಇದನ್ನು ರಾಜ್ಯಕ್ಕೆ ಕಟುವಾಗಿ ನೆನಪಿಸಿದ್ದು 2024ರ ನವೆಂಬರ್‌ನ ಬಳ್ಳಾರಿ ಪ್ರಕರಣ. ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಸಿಸೇರಿಯನ್ ಮಾಡಿಸಿಕೊಂಡ ಬಾಣಂತಿಯರಿಗೆ ಮೂತ್ರಪಿಂಡ ಮತ್ತಿತರ ಅಂಗಾಂಗಗಳು ಕೈಕೊಟ್ಟು, ಐವರು ತೀರಿಕೊಂಡರು. ರಕ್ತನಾಳದ ಮೂಲಕ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಮೂಡಿ ಅದರ ಬಳಕೆಯನ್ನು ತಡೆಹಿಡಿಯಲಾಯಿತು. ಬಳಿಕ ಸರ್ಕಾರ ಆ ಸಾಲಿನ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಸಂಭವಿಸಿದ 464 ತಾಯಿ ಮರಣಗಳ ಪರಿಶೋಧನೆ ನಡೆಸಿದಾಗ, ಅವುಗಳಲ್ಲಿ ಶೇ 70ಕ್ಕೂ ಹೆಚ್ಚು ತಡೆಯಬಹುದಾಗಿದ್ದವು ಎಂಬ ತೀರ್ಮಾನ ಹೊರಬಂತು. ದೂರದ ಬಡದೇಶಗಳ ಕುರಿತು ಓದುವಾಗ ಸಹಜವೆನಿಸುವ ‘ತಡೆಯಬಹುದಾದ ಸಾವು’ ಎಂಬ ಮಾತು ಶೇ 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುವ ರಾಜ್ಯದ ಕಡತದಲ್ಲಿ ಕಾಣಿಸಿಕೊಂಡಾಗ ಅದರ ಅರ್ಥವೇ ಬೇರೆ.

ಈ ಅರ್ಥವನ್ನು ಬಿಡಿಸಲು 1994ರಲ್ಲಿ ಸೆರೀನ್ ತಡ್ಡೇಯಸ್ ಮತ್ತು ಡೆಬೊರಾ ಮೇನ್ ಮುಂದಿಟ್ಟ ‘ಮೂರು ವಿಳಂಬ’ಗಳ ಚೌಕಟ್ಟು ಇಂದಿಗೂ ನೆರವಾಗುತ್ತದೆ. ಅಪಾಯವನ್ನು ಗುರುತಿಸಿ ಹೊರಡಬೇಕೆಂದು ಮನೆಯವರು ನಿರ್ಧರಿಸುವುದರಲ್ಲಿ ಆಗುವುದು ಮೊದಲನೆಯ ವಿಳಂಬ. ಹೊರಟ ಮೇಲೆ ಆಸ್ಪತ್ರೆ ಮುಟ್ಟುವುದರಲ್ಲಿ ಆಗುವುದು ಎರಡನೆಯದು. ಮುಟ್ಟಿದ ಮೇಲೆ ತಕ್ಕ ಚಿಕಿತ್ಸೆ ಸಿಗುವುದರಲ್ಲಿ ಆಗುವುದು ಮೂರನೆಯದು. ಕರ್ನಾಟಕ ಮೊದಲ ಎರಡನ್ನು ಬಹುಮಟ್ಟಿಗೆ ತಗ್ಗಿಸಿದೆ. ಮೂರನೆಯದು ಹಣದಿಂದ ಅಥವಾ ಪ್ರಚಾರದಿಂದ ಮಾತ್ರ ತಗ್ಗುವಂಥದ್ದಲ್ಲ, ಏಕೆಂದರೆ ಅದು ರಾತ್ರಿ ಪಾಳಿಯಲ್ಲಿ ಯಾರಿದ್ದಾರೆ, ಅರಿವಳಿಕೆ ತಜ್ಞರು ಎಷ್ಟು ಹೊತ್ತಿನಲ್ಲಿ ಬರುತ್ತಾರೆ, ಫ್ರಿಜ್ಜಿನಲ್ಲಿ ರಕ್ತ ಇದೆಯೇ, ಇದ್ದರೂ ಆ ಗುಂಪಿನದೇ ಇದೆಯೇ ಎಂಬ ಸಣ್ಣಸಣ್ಣ ಸಂಗತಿಗಳಿಂದ ಆಗಿರುವಂಥದ್ದು.

ಈ ಸಂಗತಿಗಳ ಮಹತ್ವ ತಿಳಿಯಬೇಕಾದರೆ ರಕ್ತಸ್ರಾವದ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ, ಮಾಸು (ಆಡುಮಾತಿನಲ್ಲಿ ಕಸ) ಗೋಡೆಯಿಂದ ಬಿಡಿಸಿಕೊಂಡು ಬಂದ ಕ್ಷಣದಲ್ಲಿ, ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳೆಲ್ಲ ಬಾಯ್ದೆರೆದು ನಿಲ್ಲುತ್ತವೆ. ಆ ಬಾಯಿಗಳನ್ನು ಮುಚ್ಚುವುದು ಹೆಪ್ಪುಗಟ್ಟುವಿಕೆಗಿಂತ ಮೊದಲು ಗರ್ಭಕೋಶದ ಸ್ನಾಯು; ಅದರ ಎಳೆಗಳು ನಾಳಗಳ ಸುತ್ತ ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿರುವುದರಿಂದ ಸ್ನಾಯು ಬಿಗಿಯಾದ ಕೂಡಲೆ ನಾಳಗಳು ಹಿಸುಕಿದಂತಾಗಿ ಮುಚ್ಚಿಕೊಳ್ಳುತ್ತವೆ. ಹೊಟ್ಟೆಯ ಮೇಲೆ ಕೈಯಿಟ್ಟರೆ ಆಗ ಗರ್ಭಕೋಶ ಗಟ್ಟಿಯಾದ ಚೆಂಡಿನಂತೆ ಸಿಗಬೇಕು. ಸಿಗದೆ ಮೆದುವಾಗಿದ್ದರೆ ಸ್ನಾಯು ಸೋತಿದೆಯೆಂದು ಅರ್ಥ. ಹೆರಿಗೆಯ ನಂತರದ ರಕ್ತಸ್ರಾವದಲ್ಲಿ ಹೆಚ್ಚಿನವು ಈ ಸೋಲಿನಿಂದಲೇ ಆಗುವಂಥವು. ಅರ್ಧ ಲೀಟರ್ ರಕ್ತ ಹೋದರೆ ಅದನ್ನು ಅತಿ ರಕ್ತಸ್ರಾವವೆಂದು ಪರಿಗಣಿಸುವುದು ರೂಢಿಯ ಅಳತೆ. ಆದರೆ ಅರ್ಧ ಲೀಟರ್ ಆಯಿತೆಂದು ತಿಳಿಯುವುದು ಹೇಗೆ? ಬಟ್ಟೆಗೆ ಹೀರಿಕೊಂಡದ್ದು, ನೆಲಕ್ಕೆ ಹರಿದದ್ದು, ನೀರಿನೊಂದಿಗೆ ಬೆರೆತದ್ದು ಎಲ್ಲವನ್ನೂ ಕಣ್ಣಳತೆಯಲ್ಲಿ ಹೇಳಬೇಕು. ಕಣ್ಣು ಯಾವಾಗಲೂ ಕಡಿಮೆಯೇ ಹೇಳುತ್ತದೆ.

ಈ ಸಮಸ್ಯೆಗೆ ಜಗತ್ತಿಗೆ ಉಪಯೋಗವಾದ ಒಂದು ಉತ್ತರ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ರೂಪುಗೊಂಡಿತು ಎಂಬುದು ಕನ್ನಡಿಗರಲ್ಲಿ ಹೆಚ್ಚಿನವರಿಗೆ ತಿಳಿಯದ ವಿಷಯ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಶಿವಪ್ರಸಾದ ಗೌಡರ, ಭಾಲಚಂದ್ರ ಕೊಡಕಣಿ ಮತ್ತು ಅಮೆರಿಕದ ರಿಚರ್ಡ್ ಡರ್ಮನ್ ಮೊದಲಾದವರು 2002ರಿಂದ 2005ರವರೆಗೆ ಅಲ್ಲಿ ಒಂದು ಅಧ್ಯಯನ ನಡೆಸಿದರು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಕಿರಿಯ ಆರೋಗ್ಯ ಸಹಾಯಕಿಯರ ಕೈಯಲ್ಲಿ ಹೆರಿಗೆಯಾದ 1,620 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಮಗು ಹುಟ್ಟಿದ ಕೂಡಲೆ ಗರ್ಭಕೋಶವನ್ನು ಬಿಗಿಗೊಳಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿ, ಉಳಿದವರಿಗೆ ಔಷಧವಿಲ್ಲದ ಅಂಥದೇ ಮಾತ್ರೆ ಕೊಟ್ಟು ಹೋಲಿಸಿದಾಗ, ಅತಿ ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿದದ್ದು ಕಂಡುಬಂತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶ, ಆ ಮಾತ್ರೆ 2011ರಲ್ಲಿ ರಕ್ತಸ್ರಾವ ತಡೆಯುವ ಉದ್ದೇಶಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿ ಸೇರಲು ಬಲ ಕೊಟ್ಟ ಪುರಾವೆಗಳಲ್ಲಿ ಒಂದು. ಔಷಧದಷ್ಟೇ ಮುಖ್ಯವಾದದ್ದು ಆ ಅಧ್ಯಯನಕ್ಕಾಗಿ ತಯಾರಾದ ಒಂದು ಸರಳ ಸಾಧನ. ಮಗು ಹುಟ್ಟಿದ ಮೇಲೆ ತಾಯಿಯ ಸೊಂಟದಡಿಗೆ ಹಾಸುವ ಪ್ಲಾಸ್ಟಿಕ್ ಹಾಳೆ ಅದು. ಅದರ ಅಂಚು ಮಂಚದ ಕೆಳಗೆ ಆಲಿಕೆಯಂತೆ ಕಿರಿದಾಗುತ್ತ ಹೋಗಿ, ಅಳತೆಯ ಗೆರೆಗಳನ್ನು ಮುದ್ರಿಸಿದ ಪಾರದರ್ಶಕ ಚೀಲವಾಗಿ ಇಳಿಬಿದ್ದಿರುತ್ತದೆ. ಹರಿದ ರಕ್ತವೆಲ್ಲ ಅಲ್ಲಿ ಸೇರುವುದರಿಂದ ಎಷ್ಟು ಹೋಯಿತೆಂದು ಓದಿಯೇ ಹೇಳಬಹುದು. ಇದರೊಂದಿಗೆ ಹೋಲಿಸಿದಾಗ ಕಣ್ಣಳತೆ ಸುಮಾರು ಮೂರನೇ ಒಂದರಷ್ಟು ರಕ್ತವನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲವೆಂದು ತಿಳಿದುಬಂತು.

ಅಳೆಯುವ ಚೀಲದ ಪೂರ್ಣ ಬೆಲೆ ತಿಳಿದದ್ದು 2023ರಲ್ಲಿ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ಟಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡ ‘ಇ–ಮೋಟಿವ್’ ಪ್ರಯೋಗದಲ್ಲಿ ಚೀಲದ ಗೆರೆ ಮುಟ್ಟಿದ ಕೂಡಲೆ ಐದು ಕೆಲಸಗಳನ್ನು ಒಂದಾದ ಮೇಲೊಂದರಂತೆ ಅಲ್ಲ, ಒಟ್ಟಿಗೇ ಮಾಡುವ ಪದ್ಧತಿಯನ್ನು ಅಳವಡಿಸಲಾಯಿತು: ಗರ್ಭಕೋಶವನ್ನು ಹೊಟ್ಟೆಯ ಮೇಲಿನಿಂದ ನೀವುವುದು, ಅದನ್ನು ಬಿಗಿಗೊಳಿಸುವ ಔಷಧ, ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ರಕ್ತನಾಳಕ್ಕೆ ದ್ರಾವಣ, ರಕ್ತ ಎಲ್ಲಿಂದ ಬರುತ್ತಿದೆ ಎಂಬ ತಪಾಸಣೆ. ಇದರಿಂದ ತೀವ್ರ ರಕ್ತಸ್ರಾವ, ಅದಕ್ಕಾಗಿ ಮಾಡಬೇಕಾಗುವ ಶಸ್ತ್ರಕ್ರಿಯೆ ಅಥವಾ ಅದರಿಂದಾಗುವ ಸಾವು, ಈ ಮೂರೂ ಸೇರಿದ ಪ್ರಮಾಣ ಶೇ 60ರಷ್ಟು ಇಳಿಯಿತು. ಈ ಐದರಲ್ಲಿ ಹೊಸದಾಗಿ ಕಂಡುಹಿಡಿದದ್ದು ಒಂದೂ ಇರಲಿಲ್ಲ. ಗುಂಡ್ಯದಂತಹ ಕಡೆಗೆ ಅನ್ವಯಿಸುವಾಗ ಗಮನಿಸಬೇಕಾದ ಇನ್ನೊಂದು ವಿವರವೆಂದರೆ, ಗರ್ಭಕೋಶವನ್ನು ಬಿಗಿಗೊಳಿಸಲು ಎಲ್ಲ ಹೆರಿಗೆ ಕೋಣೆಗಳಲ್ಲಿ ಮೊದಲ ಆಯ್ಕೆಯಾದ ಆಕ್ಸಿಟೋಸಿನ್ ಚುಚ್ಚುಮದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಆಟಿ ತಿಂಗಳ ಗಾಳಿಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದ ಊರುಗಳಲ್ಲಿ ಫ್ರಿಜ್ ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆ ಬರೀ ಅಗ್ಗದ ಬದಲಿಯಲ್ಲ.

ರಕ್ತಸ್ರಾವದ ನಂತರದ ಸ್ಥಾನ ರಕ್ತದೊತ್ತಡದ್ದು. ‘ಬಿಪಿ ಜಾಸ್ತಿಯಾಗಿ ಫಿಟ್ಸ್ ಬಂತು’ ಎಂದು ಜನ ಹೇಳುವ ಈ ಸ್ಥಿತಿಗೆ ಮ್ಯಾಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ ಲವಣವೇ ಮದ್ದು. ಅದು ಫಿಟ್ಸ್ ಬರುವ ಸಾಧ್ಯತೆಯನ್ನು ಅರ್ಧಕ್ಕಿಳಿಸುತ್ತದೆಂದು 2002ರ ‘ಮ್ಯಾಗ್‌ಪೈ’ ಪ್ರಯೋಗ ತೋರಿಸಿತು. ಮೊದಲ ಪ್ರಮಾಣವನ್ನು ಪೃಷ್ಠದ ಎರಡೂ ಬದಿಗೆ ಆಳವಾಗಿ ಚುಚ್ಚಿ ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುವುದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಾಧ್ಯ. ಏನನ್ನೂ ಕೊಡದೆ ‘ಮಂಗಳೂರಿಗೆ ಕೊಂಡುಹೋಗಿ’ ಎಂದು ಚೀಟಿ ಬರೆದು ಕಳಿಸುವುದಕ್ಕೂ, ಮೊದಲ ಮದ್ದು ಕೊಟ್ಟು, ಎದುರಿನ ಆಸ್ಪತ್ರೆಗೆ ಫೋನ್ ಮಾಡಿ ಕಳಿಸುವುದಕ್ಕೂ ಕಾಗದದಲ್ಲಿ ವ್ಯತ್ಯಾಸವಿಲ್ಲ, ಎರಡೂ ‘ರೆಫರ್’ ಎಂದೇ ದಾಖಲಾಗುತ್ತವೆ. ತಾಯಿಯ ಪಾಲಿಗೆ ಮಾತ್ರ ಒಂದು ಬದುಕು, ಇನ್ನೊಂದು ಅಲ್ಲ. ನಂಜಿನ ವಿಷಯದಲ್ಲೂ ಬೆಳಗಾವಿಯ ಪಾಲಿದೆ: ಹೆರಿಗೆ ನೋವಿನಲ್ಲಿ ಒಂದು ಸಲ ಅಜಿತ್ರೊಮೈಸಿನ್ ಕೊಟ್ಟರೆ ತಾಯಿಯ ನಂಜು ಅಥವಾ ಸಾವಿನ ಪ್ರಮಾಣ ಶೇ 2.4ರಿಂದ ಶೇ 1.6ಕ್ಕೆ ಇಳಿಯುತ್ತದೆಂದು 2023ರಲ್ಲಿ ಪ್ರಕಟವಾದ ಏಳು ದೇಶಗಳ ಅಧ್ಯಯನದ ಕೇಂದ್ರಗಳಲ್ಲಿ ಅದೂ ಒಂದು.

ಇವೆಲ್ಲಕ್ಕೂ ಹಿನ್ನೆಲೆಯಾಗಿ ನಿಂತಿರುವುದು ರಕ್ತಹೀನತೆ. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಿದ್ದರೆ ತೀವ್ರ ರಕ್ತಹೀನತೆ ಎನ್ನುತ್ತಾರೆ; 2019–20ರ ಸಮೀಕ್ಷೆಯಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45ಕ್ಕೂ ಹೆಚ್ಚು ಮಂದಿ 11ರ ಗೆರೆಯ ಕೆಳಗಿದ್ದರು. ಒಳ್ಳೆಯ ರಕ್ತವಿರುವ ಹೆಂಗಸು ಒಂದು ಲೀಟರ್ ಕಳೆದುಕೊಂಡೂ ಎದ್ದು ಕೂರಬಹುದು, 7 ಗ್ರಾಂ ಇರುವವಳು ಅರ್ಧ ಲೀಟರಿಗೇ ಕುಸಿಯುತ್ತಾಳೆ. ಕಡಬ–ಸುಳ್ಯದ ಕಡೆ ಈ ಮಾತು ಯಾರಿಗೆ ಹೆಚ್ಚು ತಗಲುತ್ತದೆ ಎಂದು ಕೇಳಿದರೆ, ಅಡಿಕೆ ತೋಟದ ಒಡೆಯರ ಮನೆಗಿಂತ ಹೆಚ್ಚಾಗಿ ಬೆಳಗಿನ ಜಾವ ರಬ್ಬರ್ ಟ್ಯಾಪಿಂಗ್‌ಗೆ ಹೊರಡುವ ಕಾರ್ಮಿಕರ ಮನೆಗಳಿಗೆ, ಶ್ರೀಲಂಕಾದಿಂದ ಮರಳಿ ಬಂದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಯಾದ ತಮಿಳು ಕುಟುಂಬಗಳಿಗೆ, ಕಾಡಂಚಿನ ಮಲೆಕುಡಿಯರ ಮನೆಗಳಿಗೆ ಎಂಬ ಊಹೆ ತಪ್ಪಾಗಲಾರದು. ತಾಯಿ ಕಾರ್ಡಿನಲ್ಲಿ ಬರೆದ ಹಿಮೋಗ್ಲೋಬಿನ್ ಅಂಕಿ ಐದನೇ ತಿಂಗಳಲ್ಲೇ ಮಾಡಬೇಕಾದ ಕೆಲಸವನ್ನು ಹೇಳುತ್ತಿರುತ್ತದೆ. ಮಾತ್ರೆಗೆ ಏರದಿದ್ದರೆ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡುವ ವ್ಯವಸ್ಥೆ ತಾಲ್ಲೂಕು ಆಸ್ಪತ್ರೆಗಳಲ್ಲಿದೆ. ತೊಡಕು ಇನ್ನೊಂದು ಕಡೆ ಇದೆ. ಚೊಚ್ಚಲ ಹೆರಿಗೆಗೆ ಏಳನೇ ತಿಂಗಳಲ್ಲಿ ತವರಿಗೆ ಹೋಗುವುದು ಇಲ್ಲಿನ ರೂಢಿಯಾದ್ದರಿಂದ, ಗಂಡನ ಊರಿನ ಆಶಾ ಬರೆದಿಟ್ಟ ಪಟ್ಟಿಯಿಂದ ಹೆಸರು ಮರೆಯಾಗಿ ತವರಿನ ಆಶಾಳ ಪಟ್ಟಿಗೆ ಸೇರುವ ನಡುವೆ, ಅತಿ ಮುಖ್ಯವಾದ ಎರಡು ತಿಂಗಳು ಯಾರ ಲೆಕ್ಕಕ್ಕೂ ಬಾರದೆ ಕಳೆದುಹೋಗುವುದುಂಟು.

ದಾರಿಯ ವಿಷಯಕ್ಕೆ ಬಂದರೆ, ಗುಂಡ್ಯದ ಸುತ್ತಲಿನ ಭೂಮಿ ವರ್ಷಕ್ಕೆ ಎರಡು ರೂಪ ತಾಳುತ್ತದೆ. ಬೇಸಿಗೆಯಲ್ಲಿ ಅಂಗಳಕ್ಕೇ ಬಾಡಿಗೆ ಜೀಪು ಬರುವ ಮನೆಗೆ ಮಳೆಗಾಲದಲ್ಲಿ ಅಡಿಕೆಮರದ ಕಾಲುಸಂಕವೊಂದೇ ದಾರಿಯಾಗಿರಬಹುದು. ಉಪ್ಪಿನಂಗಡಿ–ಕಡಬ–ಸುಬ್ರಹ್ಮಣ್ಯ ರಸ್ತೆಯಲ್ಲಿ ಗುಂಡ್ಯ ಹೊಳೆಗೆ ಕಟ್ಟಿದ್ದ ಹೊಸಮಠದ ಮುಳುಗು ಸೇತುವೆ, ಎತ್ತರದ ಹೊಸ ಸೇತುವೆ ಬರುವವರೆಗೂ ಪ್ರತಿ ಮಳೆಗಾಲ ಹಲವು ಸಲ ನೀರಿನಡಿಗೆ ಹೋಗಿ ಎರಡೂ ಬದಿಯಲ್ಲಿ ವಾಹನಗಳನ್ನು ಗಂಟೆಗಟ್ಟಲೆ ನಿಲ್ಲಿಸುತ್ತಿತ್ತು. 2018ರಲ್ಲಿ ಕಾಂಕ್ರೀಟ್ ಕಾಮಗಾರಿಗಾಗಿ ಜನವರಿಯಿಂದ ಜುಲೈವರೆಗೆ ಮುಚ್ಚಿದ್ದ ಶಿರಾಡಿ ಘಾಟಿ, ತೆರೆದ ಒಂದೇ ತಿಂಗಳಲ್ಲಿ ಗುಡ್ಡ ಜರಿದು ಮತ್ತೆ ಮುಚ್ಚಿತು. 2024ರ ಜುಲೈಯಲ್ಲಿ ಘಾಟಿಯ ರಸ್ತೆಯಲ್ಲೂ ಯಡಕುಮೇರಿಯ ಬಳಿ ರೈಲು ಹಳಿಯಲ್ಲೂ ಮಣ್ಣು ಕುಸಿಯಿತು. ಘಾಟಿ ಮುಚ್ಚಿದಾಗ ಪೂರ್ವದ ಸಕಲೇಶಪುರದ ಕಡೆಗಿನ ಆಯ್ಕೆ ಇಲ್ಲವಾಗುತ್ತದೆ. ಪಶ್ಚಿಮದ ಕಡೆ ಅಡ್ಡಹೊಳೆಯಿಂದ ಬಿ.ಸಿ. ರೋಡಿನವರೆಗಿನ ಚತುಷ್ಪಥ ಕಾಮಗಾರಿ ವರ್ಷಗಟ್ಟಲೆ ಎಳೆದಾಡಿ ಹೊಂಡಗಳ ಹೆದ್ದಾರಿಯನ್ನೇ ಉಳಿಸಿತ್ತು. ಒಳಗಿನ ರಸ್ತೆಗಳಲ್ಲಿ ರಾತ್ರಿ ಆನೆಯ ಭಯ, ಕಾಡಿನ ತಿರುವುಗಳಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ್ದರಿಂದ 108ಕ್ಕೆ ಕರೆ ಹೋಗದ ಕಷ್ಟ ಬೇರೆ. ರಾಜ್ಯದ ಸರಾಸರಿಯಲ್ಲಿ ಬಗೆಹರಿದಂತೆ ಕಾಣುವ ಎರಡನೆಯ ವಿಳಂಬ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮತ್ತೆ ತಲೆಯೆತ್ತುತ್ತದೆ.

ಒಂದು ತಾಲ್ಲೂಕಿನ ಸ್ಥಿತಿ ಸುಧಾರಿಸಿದೆಯೋ ಇಲ್ಲವೋ ಎಂದು ಮರಣ ಪ್ರಮಾಣದಿಂದ ಹೇಳಲಾಗದು ಎಂಬುದನ್ನೂ ಇಲ್ಲಿ ಸೇರಿಸಬೇಕು. ವರ್ಷಕ್ಕೆ 1,000 ಹೆರಿಗೆಗಳಾಗುವ ತಾಲ್ಲೂಕಿನಲ್ಲಿ ಪ್ರಮಾಣ 60 ಇದ್ದರೆ ಸರಾಸರಿ 20 ತಿಂಗಳಿಗೆ ಒಂದು ಸಾವು. ಒಂದು ವರ್ಷ ಸೊನ್ನೆ, ಇನ್ನೊಂದು ವರ್ಷ ಎರಡು ಎಂದಾದರೆ ಅದರಿಂದ ಏನನ್ನೂ ತೀರ್ಮಾನಿಸಲು ಬರುವುದಿಲ್ಲ. ಆದ್ದರಿಂದ ಎಣಿಕೆಗಿಂತ ವಿಚಾರಣೆ ಮುಖ್ಯ: ಆ ಒಂದು ಸಾವು ಯಾವ ಗಂಟೆಯಲ್ಲಿ, ಯಾರ ಕೈಯಲ್ಲಿ, ಯಾವುದರ ಕೊರತೆಯಿಂದ ಆಯಿತು ಎಂಬುದು. ಬ್ರಿಟನ್ 1952ರಿಂದಲೇ ಇಂತಹ ಗೋಪ್ಯ ವಿಚಾರಣೆಯನ್ನು ನಡೆಸುತ್ತ ಬಂದಿದೆ. ಪುತ್ತೂರು–ಸುಳ್ಯಕ್ಕೆ ಗಡಿ ತಾಗಿಕೊಂಡಿರುವ ಕೇರಳದಲ್ಲಿ ಅಲ್ಲಿನ ಪ್ರಸೂತಿ ತಜ್ಞರ ಒಕ್ಕೂಟವೇ ಮುಂದೆ ಬಂದು, ವಿ.ಪಿ. ಪೈಲಿ ಅವರ ಮುಂದಾಳತ್ವದಲ್ಲಿ, 2004ರಿಂದ ಪ್ರತಿ ತಾಯಿ ಮರಣದ ಕಡತವನ್ನು ಆಸ್ಪತ್ರೆಯ ಮತ್ತು ವೈದ್ಯರ ಹೆಸರು ಅಳಿಸಿ ತರಿಸಿಕೊಂಡು ಪರಿಶೀಲಿಸತೊಡಗಿತು. ಹೆಸರು ಇಲ್ಲದ್ದರಿಂದ ವೈದ್ಯರು ನಿಜ ಬರೆದರು. ನಿಜ ಬರೆದದ್ದರಿಂದ ರಕ್ತಸ್ರಾವಕ್ಕೂ ರಕ್ತದೊತ್ತಡಕ್ಕೂ ಸಾಮಾನ್ಯ ಕಾರ್ಯವಿಧಾನಗಳನ್ನು ರೂಪಿಸುವುದು ಸಾಧ್ಯವಾಯಿತು. ಭಾರತ ಸರ್ಕಾರವೂ 2010ರಲ್ಲಿ ತಾಯಿ ಮರಣ ಪರಿಶೀಲನೆಯ ಮಾರ್ಗಸೂಚಿ ತಂದಿದೆ, ಅದರ ಪ್ರಕಾರ ಕರ್ನಾಟಕದ ಜಿಲ್ಲೆಗಳಲ್ಲೂ ಸಭೆಗಳು ನಡೆಯುತ್ತವೆ. ಆದರೆ ಸಾವಿನ ಸುದ್ದಿ ಬಂದೊಡನೆ ಅಮಾನತು, ಆಸ್ಪತ್ರೆಯ ಮುಂದೆ ಪ್ರತಿಭಟನೆ, ಟಿ.ವಿ. ಕ್ಯಾಮೆರಾ ಎಂಬ ಸರಣಿ ನಡೆಯುವ ಕಡೆ ಕಡತದಲ್ಲಿ ನಿಜ ಬರೆಯುವ ಧೈರ್ಯ ಯಾರಿಗೂ ಉಳಿಯುವುದಿಲ್ಲ. ತಪ್ಪಿತಸ್ಥರಿಗೆ ಶಿಕ್ಷೆಯಾಗಬಾರದೆಂದಲ್ಲ, ಶಿಕ್ಷೆಯ ಕಡತವೂ ಕಲಿಕೆಯ ಕಡತವೂ ಒಂದೇ ಆಗಿರಬಾರದು.

ಬಳ್ಳಾರಿಯ ನಂತರದ ಚರ್ಚೆಯಲ್ಲಿ ರಾಜ್ಯ ಸರ್ಕಾರದ ಮುಂದೆ ಬಂದ ಯೋಚನೆಗಳಲ್ಲಿ ಒಂದು ನೇರವಾಗಿ ಇಂತಹ ಊರುಗಳಿಗೆ ಸಂಬಂಧಿಸಿದ್ದು. ಹೆರಿಗೆ ಕಡಿಮೆಯಿರುವ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಒಬ್ಬೊಬ್ಬರಾಗಿ ಚದುರಿರುವ ತಜ್ಞರನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಸೇರಿಸಿ, ಅಲ್ಲಿ ಹಗಲೂ ರಾತ್ರಿಯೂ ಸ್ತ್ರೀರೋಗ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಇರುವಂತೆ ಮಾಡುವುದು ಅದರ ತಿರುಳು. ಮೇಲುನೋಟಕ್ಕೆ ಇದು ಹಳ್ಳಿಯಿಂದ ವೈದ್ಯರನ್ನು ಕಿತ್ತುಕೊಂಡಂತೆ ತೋರುತ್ತದೆ, ಸ್ಥಳೀಯ ವಿರೋಧವೂ ಸಹಜವೇ. ಆದರೆ ಒಬ್ಬನೇ ತಜ್ಞನಿರುವ ಕೇಂದ್ರ ವಾರದ ಏಳು ರಾತ್ರಿಗಳಲ್ಲಿ ಎಷ್ಟು ರಾತ್ರಿ ನಿಜವಾಗಿ ತೆರೆದಿರಲು ಸಾಧ್ಯ? ಸ್ತ್ರೀರೋಗ ತಜ್ಞೆ ಇದ್ದು ಅರಿವಳಿಕೆ ಕೊಡುವವರಿಲ್ಲದಿದ್ದರೆ, ಇಬ್ಬರೂ ಇದ್ದು ರಕ್ತವಿಲ್ಲದಿದ್ದರೆ, ಆ ಆಸ್ಪತ್ರೆ ಸಹಜ ಹೆರಿಗೆಗೆ ಸಾಕಾದೀತು, ತೊಡಕಿನ ಹೆರಿಗೆಗೆ ಅದು ದಾರಿಯಲ್ಲಿನ ಒಂದು ನಿಲುಗಡೆ ಅಷ್ಟೇ; ಅಲ್ಲಿ ಕಳೆದ ಅರ್ಧ ಗಂಟೆ ಎರಡು ಗಂಟೆಯ ಲೆಕ್ಕದಿಂದ ಕಳೆಯುತ್ತದೆ. ಈ ಬಗೆಯಲ್ಲಿ ನೋಡಿದರೆ, ಹತ್ತಿರದ ಅರೆಬರೆ ಆಸ್ಪತ್ರೆಗಿಂತ ಪುತ್ತೂರು ಅಥವಾ ಸುಳ್ಯದಲ್ಲಿ ಖಚಿತವಾಗಿ ತೆರೆದಿರುವ ಪೂರ್ಣ ಆಸ್ಪತ್ರೆ ಗುಂಡ್ಯದವರಿಗೂ ಒಳ್ಳೆಯದು ಎಂದೇ ಹೇಳಬೇಕಾಗುತ್ತದೆ.

ಆದರೆ ಈ ವಾದ ಒಂದು ಷರತ್ತಿನ ಮೇಲೆ ಮಾತ್ರ ನಿಲ್ಲುತ್ತದೆ. ತಜ್ಞರನ್ನು ದೂರ ಸಾಗಿಸಿದವರು ಗರ್ಭಿಣಿಯನ್ನೂ ಹೊತ್ತಿಗೆ ಮುಂಚೆ ಹತ್ತಿರಕ್ಕೆ ತರಬೇಕು. ಒಡಿಶಾದ ಬುಡಕಟ್ಟು ಪ್ರದೇಶಗಳಲ್ಲಿ ‘ಮಾ ಗೃಹ’ ಎಂಬ ಹೆಸರಿನ ಕಾಯುವ ಮನೆಗಳಿವೆ. ದಿನ ಹತ್ತಿರವಾದ ಗರ್ಭಿಣಿ ಜೊತೆಗೊಬ್ಬರನ್ನು ಕರೆದುಕೊಂಡು ಅಲ್ಲಿಗೆ ಬಂದು ಊಟ–ವಸತಿ ಪಡೆದು, ನೋವು ಶುರುವಾದಾಗ ಪಕ್ಕದ ಆಸ್ಪತ್ರೆಗೆ ಹೋಗುತ್ತಾಳೆ. ಪುತ್ತೂರಿನ ಅಥವಾ ಸುಳ್ಯದ ಆಸ್ಪತ್ರೆಯ ಆವರಣದಲ್ಲಿ ಮಳೆಗಾಲದ ನಾಲ್ಕು ತಿಂಗಳಿಗೆ ಇಂಥದೊಂದು ಮನೆಗೆ ಬೇಕಾದದ್ದು ಹತ್ತು ಹಾಸಿಗೆ, ಒಂದು ಅಡುಗೆಕೋಣೆ, ಮನೆಯಲ್ಲಿ ಬಿಟ್ಟುಬಂದ ದೊಡ್ಡ ಮಗುವಿನ ಚಿಂತೆಗೆ ಆ ಮಗುವೂ ಜೊತೆಗಿರಲು ಅವಕಾಶ. ಯಾರನ್ನು ಕರೆತರಬೇಕೆಂಬ ಮಾಹಿತಿಗೆ ಹೊಸ ಸಮೀಕ್ಷೆ ಬೇಕಿಲ್ಲ. ಶಿರಾಡಿ, ಕೊಂಬಾರು, ಸಿರಿಬಾಗಿಲು, ರೆಂಜಿಲಾಡಿ ಭಾಗದ ಆಶಾ ಕಾರ್ಯಕರ್ತೆಯರ ಪುಸ್ತಕಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನ ತುಂಬುವವರ ಹೆಸರು, ತವರಿನ ವಿಳಾಸ, ಹಿಂದಿನ ಸಿಸೇರಿಯನ್, ರಕ್ತದ ಗುಂಪು, ಹಿಮೋಗ್ಲೋಬಿನ್ ಅಂಕಿ ಎಲ್ಲವೂ ಮೇ ತಿಂಗಳ ಕೊನೆಗೇ ಬರೆದಿರುತ್ತವೆ. ಆ ಹಾಳೆಗಳನ್ನು ಒಟ್ಟುಮಾಡಿ, ರಕ್ತ ಕಡಿಮೆಯಿರುವವರು, ಬಿಪಿ ಇರುವವರು, ಹಿಂದೆ ಶಸ್ತ್ರಕ್ರಿಯೆಯಾದವರು, ಹೊಳೆಯಾಚೆಗಿನ ಮನೆಯವರು ಎಂದು ಬೇರ್ಪಡಿಸಿ ತಾಲ್ಲೂಕು ಆರೋಗ್ಯಾಧಿಕಾರಿಯ ಮೇಜಿಗೆ ತಲುಪಿಸಲು ಒಂದು ದಿನದ ಕೆಲಸ ಸಾಕು. ಅದು ಮೊದಲ ಮಳೆ ಬೀಳುವುದಕ್ಕೆ ಮುಂಚೆ ಆಗಬೇಕು.